ಡಾಕ್ಟರ್ ಮೇಲೆ ಕೇಸ್ ಬಿದ್ರೆ ಅವರನ್ನ ಕಾಪಾಡೋದು ಏನು?

ಮಾಕಳಿದುರ್ಗದ ಕಡೆಯವರೊಬ್ಬರು ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕಟ್ಟಿ ಆಪರೇಷನ್ ಮಾಡಿಸ್ಕೊಂಡ್ರು, ಆಮೇಲೆ ತೊಂದರೆ ಆಯ್ತು ಅಂತ ಇಟ್ಕೊಳ್ಳಿ. ಡಾಕ್ಟರದ್ದೇ ತಪ್ಪು ಅಂತ ಕೇಸ್ ಹಾಕಿದ್ರು. ಈಗ ಡಾಕ್ಟರ್ ಏನು ಮಾಡಬೇಕು?

ಅಮೆರಿಕದ ಸಿನಿಮಾಗಳಲ್ಲಿ ಜ್ಯೂರಿ ಮುಂದೆ ವಕೀಲರು ವಾದ ಮಾಡ್ತಾರಲ್ಲ, ನಮ್ಮಲ್ಲಿ ಹಾಗಿಲ್ಲ. ಪರಿಹಾರ ಕೇಳುವ ಇಂಥ ಕೇಸುಗಳು ಹೆಚ್ಚಾಗಿ ಗ್ರಾಹಕರ ಆಯೋಗಕ್ಕೆ ಹೋಗುತ್ತವೆ. ಹಣ ಪಡೆದು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿನಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಇದರಡಿ ಬರಲ್ಲ. 2019ರ ಕಾಯ್ದೆ ಪ್ರಕಾರ ರೋಗಿ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸಾಮಾನ್ಯವಾಗಿ 2 ವರ್ಷದೊಳಗೆ ಕೊಡಬೇಕು.

ಡಾಕ್ಟರ್‌ಗೆ ಮೊದಲ ಸವಾಲು ಸಮಯ. ನೋಟಿಸ್ ಮತ್ತು ದೂರಿನ ಪ್ರತಿ ಕೈಗೆ ಬಂದ 30 ದಿನದಲ್ಲಿ ಲಿಖಿತ ಉತ್ತರ ಕೊಡಬೇಕು. ಆಯೋಗ ಹೆಚ್ಚೆಂದರೆ ಇನ್ನೂ 15 ದಿನ ಕೊಡಬಹುದು, ಅದಕ್ಕಿಂತ ಒಂದು ದಿನವೂ ಇಲ್ಲ. ಇದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದ ಮಾತು.

ಎರಡನೆಯದು, ರೋಗಿ ಗುಣವಾಗಲಿಲ್ಲ ಅಂದ ಮಾತ್ರಕ್ಕೆ ಅದು ನಿರ್ಲಕ್ಷ್ಯ ಆಗಲ್ಲ. ಅದೇ ವಿಭಾಗದ ಸಾಧಾರಣ ನುರಿತ ಡಾಕ್ಟರ್ ವಹಿಸುವಷ್ಟು ಎಚ್ಚರಿಕೆ ಇವರೂ ವಹಿಸಿದ್ರಾ ಅನ್ನೋದು ಪ್ರಶ್ನೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪು ಇದನ್ನು ಸ್ಪಷ್ಟಪಡಿಸಿತು. ಕ್ರಿಮಿನಲ್ ಕೇಸಿಗೆ ಸಣ್ಣಪುಟ್ಟ ಲೋಪ ಸಾಲದು, ಘೋರ ನಿರ್ಲಕ್ಷ್ಯವೇ ಇರಬೇಕು. ಪೊಲೀಸರು ಮುಂದುವರಿಯುವ ಮುನ್ನ ಇನ್ನೊಬ್ಬ ವೈದ್ಯರ, ಆದಷ್ಟೂ ಸರ್ಕಾರಿ ವೈದ್ಯರ, ಅಭಿಪ್ರಾಯ ಪಡೀಬೇಕು.

ಆದ್ರೆ ಎಚ್ಚರಿಕೆ ವಹಿಸಿದ್ದೆ ಅಂತ ಬಾಯಲ್ಲಿ ಹೇಳಿದ್ರೆ ಯಾರು ಒಪ್ತಾರೆ? ಇಲ್ಲಿ ಕೆಲಸಕ್ಕೆ ಬರೋದು ಕೇಸ್ ಶೀಟ್. ಬಿಪಿ ಎಷ್ಟಿತ್ತು, ಯಾವ ಔಷಧಿ ಎಷ್ಟು ಹೊತ್ತಿಗೆ ಕೊಟ್ಟರು, ಅಪಾಯದ ಬಗ್ಗೆ ಮನೆಯವರಿಗೆ ಏನು ಹೇಳಿದರು, ಇದೆಲ್ಲ ಆಗಲೇ ಬರೆದಿಟ್ಟಿದ್ದರೆ ವಕೀಲರಿಗೆ ಅರ್ಧ ಕೆಲಸ ಮುಗಿದಂತೆ. ಆಮೇಲೆ ತಿದ್ದಿದ ದಾಖಲೆ ಮಾತ್ರ ಡಾಕ್ಟರ್‌ಗೇ ತಿರುಗಿ ಹೊಡೆಯುತ್ತದೆ.

ಸಹಿ ಮಾಡಿಸಿದ ಒಪ್ಪಿಗೆ ಪತ್ರಕ್ಕೂ ಮಿತಿಯಿದೆ. ಬರೀ ಪರೀಕ್ಷೆಗೆ ಒಪ್ಪಿಗೆ ಪಡೆದು, ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದರೂ ಅಂಗ ತೆಗೆದರೆ ಅದು ತಪ್ಪು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ.

ಇನ್ನು ನಿಮಗೆ ಸಂಬಂಧಿಸಿದ ಮಾತು. ರೋಗಿ ಅಥವಾ ರೋಗಿಯಿಂದ ಅಧಿಕಾರ ಪಡೆದವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ ವೃತ್ತಿ ನಿಯಮವೇ ಇದೆ. ಡಾಕ್ಟರ್ ತಪ್ಪು ಮಾಡಿಲ್ಲ ಅಂದ್ರೂ, ಮಾಡಿದ್ದಾರೆ ಅಂದ್ರೂ, ತೋರಿಸಿಕೊಡೋದು ಅದೇ ಕಾಗದ. ಅನುಮಾನ ಬಂದರೆ ಜಗಳಕ್ಕೆ ಇಳಿಯೋ ಮೊದಲು ಅದನ್ನ ಕೇಳಿ ಪಡ್ಕೊಳ್ಳಿ.