ಚಿತ್ರ ನೋಡಿ ಕ್ವಿಲ್ಟ್ ಹೊಲಿಯುವ ಲೆಕ್ಕ

ತುಂಡು ಬಟ್ಟೆಗಳನ್ನು ಕೂಡಿಸಿ ಹೊಲಿದ ಹೊದಿಕೆಗೆ ಉತ್ತರ ಕರ್ನಾಟಕದಲ್ಲಿ ಕೌದಿ ಎನ್ನುತ್ತಾರೆ. ಅದೇ ಕುಲದ ಅಮೆರಿಕದ ಹೊದಿಕೆ ಕ್ವಿಲ್ಟ್. ಇದರಲ್ಲಿ ಬ್ಲಾಕ್ ಎಂಬ ಸಮ ಅಳತೆಯ ಚೌಕಗಳನ್ನು ಮೊದಲು ಒಂದೊಂದಾಗಿ ಹೊಲಿದಿಟ್ಟುಕೊಂಡು ಆಮೇಲೆ ಸಾಲುಸಾಲಾಗಿ ಕೂಡಿಸುತ್ತಾರೆ. ಹೀಗೆ ಸಿದ್ಧವಾದ ಮೇಲ್ಪದರದ ಕೆಳಗೆ ಹತ್ತಿಯ ಹಾಳೆ, ಅದರ ಕೆಳಗೆ ಅಡಿಬಟ್ಟೆ ಇಟ್ಟು ಮೂರನ್ನೂ ಸೇರಿಸಿ ಹೊಲಿಯುತ್ತಾರೆ. ಕ್ವಿಲ್ಟ್‌ನ ಫೋಟೊ ಮಾತ್ರ ಕೈಯಲ್ಲಿದ್ದಾಗಲೂ ಅದನ್ನು ಹೊಲಿಯುವ ಬಗೆಯನ್ನು ಕಂಡುಕೊಳ್ಳಬಹುದು. ಅದಕ್ಕೆ ನೋಡಬೇಕಾದದ್ದು ಬಣ್ಣದ ಆಕೃತಿಯನ್ನಲ್ಲ, ಹೊಲಿಗೆಯ ಗೆರೆಯನ್ನು.

ಮೊದಲ ಕೆಲಸ ಬ್ಲಾಕ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಗುರುತಿಸುವುದು. ಇಲ್ಲಿ ಕಣ್ಣು ಮೋಸಹೋಗುವುದೇ ಹೆಚ್ಚು. 'ಓಹಾಯೊ ಸ್ಟಾರ್' ಎಂಬ ಹಳೆಯ ವಿನ್ಯಾಸದ ಬ್ಲಾಕ್‌ಗಳನ್ನು ಒತ್ತಾಗಿ ಜೋಡಿಸಿದರೆ ನಾಲ್ಕು ಬ್ಲಾಕ್‌ಗಳ ಮೂಲೆಗಳು ಕೂಡಿದಲ್ಲಿ ದೊಡ್ಡದೊಂದು ಚೌಕ ಎದ್ದು ಕಾಣುತ್ತದೆ. ಅದು ಒಂದೇ ತುಂಡಲ್ಲ, ನಾಲ್ಕು ತುಂಡು. ಫೋಟೊದ ಉದ್ದಗಲಕ್ಕೂ ಅಳತೆಪಟ್ಟಿ ಇಟ್ಟು, ಒಂದು ಅಂಚಿನಿಂದ ಎದುರಿನ ಅಂಚಿನವರೆಗೆ ಎಲ್ಲೂ ಮುರಿಯದೆ ಸಾಗುವ ಗೆರೆಗಳನ್ನು ಹುಡುಕಬೇಕು. ಅಂಥ ಗೆರೆಗಳ ನಡುವೆ ಅದದೇ ಚಿತ್ರ ಎಲ್ಲಿ ಮರುಕಳಿಸುತ್ತದೆಯೋ ಅದೇ ಬ್ಲಾಕ್.

ಎರಡನೆಯದು ಬ್ಲಾಕನ್ನು ಮನೆಗಳಾಗಿ ಒಡೆಯುವುದು. ಚೌಕಳಿ ಕಾಗದದ ಮೇಲೆ ಬ್ಲಾಕನ್ನು ಬರೆದುಕೊಂಡರೆ ಇದು ಸುಲಭ. ಓಹಾಯೊ ಸ್ಟಾರ್ ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಒಟ್ಟು ಒಂಬತ್ತು ಮನೆಗಳ ಬ್ಲಾಕ್. ನಾಲ್ಕು ಮೂಲೆಗಳಲ್ಲೂ ನಡುವಿನಲ್ಲೂ ಇಡೀ ಚೌಕಗಳಿವೆ. ಉಳಿದ ನಾಲ್ಕು ಮನೆಗಳು ಎರಡೂ ಕರ್ಣಗಳಲ್ಲಿ ಸೀಳಿ ತಲಾ ನಾಲ್ಕು ತ್ರಿಕೋನಗಳಾಗಿವೆ. ನಕ್ಷತ್ರದ ಎಂಟು ಮೊನೆಗಳು ಹುಟ್ಟುವುದು ಇಲ್ಲಿಯೇ. ಇನ್ನು ಕೆಲವು ನಕ್ಷತ್ರಗಳು ನಾಲ್ಕು ಗುಣಿಸು ನಾಲ್ಕು ಮನೆಗಳಲ್ಲಿ ಕೂರುತ್ತವೆ. ಬಾರ್ಬರಾ ಬ್ರಾಕ್‌ಮನ್ ಅವರ ಕ್ವಿಲ್ಟ್ ವಿಶ್ವಕೋಶ ಸಾವಿರಾರು ವಿನ್ಯಾಸಗಳನ್ನು ವಿಂಗಡಿಸಿರುವುದೂ ಹೀಗೆ, ಬ್ಲಾಕ್ ಹೇಗೆ ಒಡೆಯುತ್ತದೆ ಎಂಬುದರ ಮೇಲೆ. 1928ರಿಂದ 1961ರವರೆಗೆ 'ಕಾನ್ಸಾಸ್ ಸಿಟಿ ಸ್ಟಾರ್' ಪತ್ರಿಕೆ ಇಂಥ ಬ್ಲಾಕ್‌ಗಳ ಮಾದರಿಗಳನ್ನು ಅಚ್ಚು ಹಾಕುತ್ತಿತ್ತು.

ಮೂರನೆಯದು ಅಳತೆ. ಫೋಟೊದಲ್ಲಿ ಇಂಚುಗಳಿಲ್ಲ, ಪ್ರಮಾಣವಿದೆ. ಅಡ್ಡಕ್ಕೆ ಐದು ಬ್ಲಾಕ್, ಎರಡೂ ಬದಿಗೆ ಅರ್ಧ ಬ್ಲಾಕಿನಷ್ಟು ಅಗಲದ ಅಂಚುಪಟ್ಟಿ ಇದ್ದರೆ ಒಟ್ಟು ಆರು ಬ್ಲಾಕಿನ ಅಗಲವಾಯಿತು. ಹೊದಿಕೆ 54 ಇಂಚು ಅಗಲ ಬರಬೇಕಾದರೆ ಒಂದು ಬ್ಲಾಕ್ 9 ಇಂಚು, ಒಂದು ಮನೆ 3 ಇಂಚು.

ಇದು ಹೊಲಿದು ಮುಗಿದ ಮೇಲಿನ ಅಳತೆ. ಕತ್ತರಿಸುವಾಗ ಪ್ರತಿ ಬದಿಗೂ ಹೊಲಿಗೆಗೆಂದು ಕಾಲು ಇಂಚು ಬಿಡುವುದು ಅಮೆರಿಕದ ಕ್ವಿಲ್ಟ್‌ಗಳ ರೂಢಿ. ಹಾಗಾಗಿ 3 ಇಂಚಿನ ಚೌಕಕ್ಕೆ ಮೂರೂವರೆ ಇಂಚು ಬಟ್ಟೆ ಬೇಕು. ತ್ರಿಕೋನದ ಓರೆ ಬದಿಗೂ ಹೊಲಿಗೆ ಬೀಳುವುದರಿಂದ ಅದಕ್ಕೆ ಅರ್ಧ ಇಂಚು ಸಾಲದು. ಒಂದು ಕರ್ಣದಲ್ಲಿ ಸೀಳಿ ಎರಡು ತ್ರಿಕೋನ ಮಾಡುವ ಚೌಕವನ್ನು ಮುಗಿದ ಅಳತೆಗಿಂತ 7/8 ಇಂಚು ದೊಡ್ಡದಾಗಿ, ಎರಡು ಕರ್ಣಗಳಲ್ಲಿ ಸೀಳಿ ನಾಲ್ಕು ಮಾಡುವ ಚೌಕವನ್ನು ಒಂದೂಕಾಲು ಇಂಚು ದೊಡ್ಡದಾಗಿ ಕತ್ತರಿಸಬೇಕು. ಓಹಾಯೊ ಸ್ಟಾರ್‌ಗೆ ಬೇಕಾದದ್ದು ಎರಡನೆಯ ಬಗೆ. ನಕ್ಷತ್ರದ ಬಣ್ಣದಲ್ಲಿ ಎರಡು, ಹಿನ್ನೆಲೆಯ ಬಣ್ಣದಲ್ಲಿ ಎರಡು, ನಾಲ್ಕೂಕಾಲು ಇಂಚಿನ ಚೌಕಗಳನ್ನು ಸೀಳಿದರೆ ಹದಿನಾರು ತ್ರಿಕೋನಗಳು ಲೆಕ್ಕಕ್ಕೆ ಸರಿಯಾಗಿ ಸಿಗುತ್ತವೆ. ಹೀಗೆ ಸೀಳುವುದರಿಂದ ಇನ್ನೊಂದು ಲಾಭವಿದೆ. ಪ್ರತಿ ತ್ರಿಕೋನದ ಉದ್ದ ಬದಿ ಬಟ್ಟೆಯ ನೇರ ಎಳೆಯಲ್ಲಿ ಬರುತ್ತದೆ. ಬ್ಲಾಕಿನ ಹೊರ ಅಂಚಿಗೆ ಆ ಬದಿಯೇ ಬೀಳುವುದರಿಂದ ಅಂಚು ಎಳೆದರೆ ಹಿಗ್ಗುವುದಿಲ್ಲ. ಕ್ರಾಸ್ ಆಗಿ ಕತ್ತರಿಸಿದ ಅಂಚಾದರೆ ಹಿಗ್ಗಿ ಬ್ಲಾಕ್ ಸೊಟ್ಟಗಾಗುತ್ತದೆ.

ನಾಲ್ಕನೆಯದು ಹೊಲಿಯುವ ಕ್ರಮ. ಚಿಕ್ಕ ತುಂಡಿನಿಂದ ದೊಡ್ಡದಕ್ಕೆ ಹೋಗುವುದು, ಪ್ರತಿ ಸಲವೂ ಮೂಲೆ ತಿರುಗದ ನೇರ ಹೊಲಿಗೆ ಹಾಕುವುದು, ಇವೆರಡೇ ಸೂತ್ರ. ಬಣ್ಣಕ್ಕೊಂದರಂತೆ ಎರಡು ತ್ರಿಕೋನ ಕೂಡಿಸಿದರೆ ಒಂದು ದೊಡ್ಡ ತ್ರಿಕೋನ, ಅಂಥ ಎರಡು ಕೂಡಿದರೆ ಒಂದು ಮನೆ, ಮೂರು ಮನೆಗೆ ಒಂದು ಸಾಲು, ಮೂರು ಸಾಲಿಗೆ ಒಂದು ಬ್ಲಾಕ್. ಹೊಲಿಗೆಯ ಮಡಿಕೆಗಳನ್ನು ಒಂದು ಸಾಲಿನಲ್ಲಿ ಎಡಕ್ಕೆ, ಮುಂದಿನ ಸಾಲಿನಲ್ಲಿ ಬಲಕ್ಕೆ ಇಸ್ತ್ರಿ ಮಾಡಿದರೆ ಸಾಲು ಕೂಡಿಸುವಾಗ ಮಡಿಕೆಗಳು ಒಂದಕ್ಕೊಂದು ಆತುಕೊಂಡು ಮೂಲೆಗಳು ಸರಿಯಾಗಿ ಕೂರುತ್ತವೆ.

ಕೆಲವು ಕ್ವಿಲ್ಟ್‌ಗಳಲ್ಲಿ ಬ್ಲಾಕ್‌ಗಳು ಮೂಲೆಯ ಮೇಲೆ ನಿಂತಂತೆ ಓರೆಯಾಗಿರುತ್ತವೆ. ಆಗ ಫೋಟೊವನ್ನು 45 ಡಿಗ್ರಿ ತಿರುಗಿಸಿ ನೋಡಿದರೆ ಸಾಲುಗಳು ಸಿಗುತ್ತವೆ. ಅಂಚಿನ ಖಾಲಿ ಜಾಗ ತುಂಬಲು ತ್ರಿಕೋನಗಳು ಬೇಕು. 9 ಇಂಚಿನ ಬ್ಲಾಕಿನ ಕರ್ಣ ಸುಮಾರು 12.73 ಇಂಚು. ಅದಕ್ಕೆ ಒಂದೂಕಾಲು ಸೇರಿಸಿ 14 ಇಂಚಿನ ಚೌಕ ಕತ್ತರಿಸಿ ನಾಲ್ಕಾಗಿ ಸೀಳಿದರೆ ಬದಿಯ ತ್ರಿಕೋನಗಳು ಬರುತ್ತವೆ. ಏಳೂಕಾಲು ಇಂಚಿನ ಎರಡು ಚೌಕಗಳನ್ನು ಎರಡೆರಡಾಗಿ ಸೀಳಿದರೆ ನಾಲ್ಕು ಮೂಲೆಗಳೂ ತುಂಬುತ್ತವೆ.

ಈ ಲೆಕ್ಕ ನಡೆಯುವುದು ಬ್ಲಾಕ್ ಇದ್ದಲ್ಲಿ ಮಾತ್ರ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗೆ ಬ್ಲಾಕ್ ಇಲ್ಲ. ಹಾಸಿದ ಹಳೆಯ ಸೀರೆಯ ಒಂದು ಮೂಲೆಯಿಂದ ಶುರುಮಾಡಿ, ಅಂಚು ಮಡಚಿದ ತುಂಡುಗಳನ್ನು ಇಡುತ್ತ, ಕೈಹೊಲಿಗೆ ಹಾಕುತ್ತ, ಸುತ್ತುಸುತ್ತಾಗಿ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಚಿದ ಬಟ್ಟೆಯ 'ಫುಲ' ಕೂರಿಸುತ್ತಾರೆ. ತುಂಡು ಕೂಡಿಸುವುದೂ ಪದರಗಳನ್ನು ಬಿಗಿಯುವುದೂ ಇಲ್ಲಿ ಒಂದೇ ಹೊಲಿಗೆಯ ಕೆಲಸ. ಅಂಥ ಕೌದಿಯ ಫೋಟೊ ಮುಂದಿದ್ದರೆ ಚೌಕಳಿ ಕಾಗದ ಉಪಯೋಗಕ್ಕೆ ಬಾರದು. ಯಾವ ತುಂಡಿನ ಅಂಚು ಯಾವುದರ ಮೇಲೆ ಕೂತಿದೆ ಎಂದು ಹೊರಗಿನಿಂದ ಒಳಕ್ಕೆ ನೋಡುತ್ತ ಬಂದರೆ ಹೊಲಿದ ಕ್ರಮ ತಿಳಿಯುತ್ತದೆ.