ಡಾಂಬರು ಪ್ಲಾಂಟೂ ನಮ್ಮೂರ ಪರವಾನಗಿಯೂ



ಕಲಬುರಗಿಯಿಂದ ಕಮಲಾಪುರಕ್ಕೆ ನೀವು ಬಸ್ಸಿನಲ್ಲಿ ಹೋಗಿರಬಹುದು. ಅದೇ ರಸ್ತೆ ಮುಂದೆ ಹುಮನಾಬಾದಿಗೆ, ಬೀದರಿಗೆ ಹೋಗುತ್ತದೆ. ಅದು 50ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ. ಆ ದೊಡ್ಡ ರಸ್ತೆಯಿಂದ ಒಳಗಿನ ಹಳ್ಳಿಗಳಿಗೆ ಸಣ್ಣ ರಸ್ತೆಗಳೂ ಇವೆ.

ನಮ್ಮದು ಎರೆ ನೆಲ. ಮಳೆ ಬಂದರೆ ಕಾಲು ಹೂತು ಹೋಗುತ್ತದೆ. ಡಾಂಬರು ರಸ್ತೆ ಇದ್ದರೆ ದಿನ ತುಂಬಿದ ಬಸುರಿಯನ್ನು ಬೇಗ ದವಾಖಾನೆಗೆ ಒಯ್ಯಬಹುದು. ನಮ್ಮ ತೊಗರಿ, ಕಮಲಾಪುರದ ಕೆಂಪು ಬಾಳೆ ಹೊತ್ತಿಗೆ ಸರಿಯಾಗಿ ಪ್ಯಾಟೆ ಮುಟ್ಟುತ್ತವೆ. ರಸ್ತೆ ಬೇಕೇ ಬೇಕು.

"ರಸ್ತಾ ಬೇಕು ಅಂದ ಮ್ಯಾಲೆ ಹೊಗಿ ತಡ್ಕೋಬೇಕವ್ವ" ಅಂತ ಕೆಲವರು ಹೇಳುತ್ತಾರೆ. ಈ ಮಾತು ಖರೇನಾ? ನಾವು ಕೂಡಿ ನೋಡೋಣ.

ಡಾಂಬರು ಪ್ಲಾಂಟ್ ಅಂದರೆ ಏನು?

ಮನೆಯಲ್ಲಿ ನಾವು ಉಂಡಿ ಕಟ್ಟುತ್ತೇವೆ. ಬೆಲ್ಲದ ಪಾಕ ಬಿಸಿ ಇರುವಾಗಲೇ ಶೇಂಗಾ ಕಲಸುತ್ತೇವೆ. ಪಾಕ ಆರಿತೋ, ಉಂಡಿ ಕಟ್ಟಲು ಬಾರದು. ಡಾಂಬರಿನ ಕೆಲಸವೂ ಹಾಗೆಯೇ.

ಪ್ಲಾಂಟಿನಲ್ಲಿ ಒಂದು ದೊಡ್ಡ ಡ್ರಮ್ ತಿರುಗುತ್ತಿರುತ್ತದೆ. ಅದರಲ್ಲಿ ಕಡಿ ಮತ್ತು ಪುಡಿಕಲ್ಲು ಹಾಕಿ, ಬೆಂಕಿಯಿಂದ ಒಣಗಿಸಿ ಕಾಯಿಸುತ್ತಾರೆ. ಆಮೇಲೆ ಕಾದ ಡಾಂಬರು ಸೇರಿಸುತ್ತಾರೆ. 100 ಕಿಲೋ ಮಾಲಿನಲ್ಲಿ ಡಾಂಬರು ಸುಮಾರು 5 ಕಿಲೋ ಮಾತ್ರ. ಉಳಿದದ್ದೆಲ್ಲ ಕಲ್ಲು. ಆದರೆ ಆ 5 ಕಿಲೋ ಡಾಂಬರೇ ಕಲ್ಲನ್ನೆಲ್ಲ ಹಿಡಿದು ನಿಲ್ಲಿಸುತ್ತದೆ.

ನೀರು 100 ಡಿಗ್ರಿಗೆ ಕುದಿಯುತ್ತದೆ. ಡಾಂಬರನ್ನು 150 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಅಂದರೆ ಕುದಿಯುವ ನೀರಿಗಿಂತ 50 ಡಿಗ್ರಿಗೂ ಹೆಚ್ಚು ಬಿಸಿ.

ಈ ಮಾಲನ್ನು ಬಿಸಿ ಆರುವ ಮೊದಲೇ ರಸ್ತೆಗೆ ಹಾಕಿ ರೋಲರ್ ಹೊಡೆಯಬೇಕು. ಆರಿದ ಮಾಲು ಗಟ್ಟಿಯಾಗಿ ಕೂಡುವುದಿಲ್ಲ, ರಸ್ತೆ ಬೇಗ ಕಿತ್ತು ಹೋಗುತ್ತದೆ. ಅದಕ್ಕೇ ಪ್ಲಾಂಟನ್ನು ದೂರದ ನಗರದಲ್ಲಿ ಹಾಕದೆ, ರಸ್ತೆ ಕೆಲಸ ನಡೆಯುವ ಊರುಗಳ ಹತ್ತಿರ ಹಾಕುತ್ತಾರೆ. ನಮ್ಮ ಹೊಲದ ಪಕ್ಕಕ್ಕೆ ಪ್ಲಾಂಟ್ ಬರುವುದು ಇದೇ ಕಾರಣಕ್ಕೆ.

ಪರವಾನಗಿ ಯಾರು ಕೊಡುತ್ತಾರೆ?

ಜಾಗ ಇದೆ, ರೊಕ್ಕ ಇದೆ ಅಂತ ಯಾರೂ ಮನಸ್ಸಿಗೆ ಬಂದಲ್ಲಿ ಪ್ಲಾಂಟ್ ಹಾಕುವಂತಿಲ್ಲ.

ಒಂದು, ಪಂಚಾಯಿತಿ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾನೂನಿನ 66ನೇ ಕಲಮು ಇದನ್ನು ಹೇಳುತ್ತದೆ. ಊರಿನ ಹದ್ದಿನಲ್ಲಿ ಕಾರ್ಖಾನೆ ಕಟ್ಟಲು, ಯಂತ್ರ ಕೂಡಿಸಲು ಗ್ರಾಮ ಪಂಚಾಯಿತಿಯ ಪರವಾನಗಿ ಬೇಕು.

ಎರಡು, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಗಾಳಿ ಕೆಡದಂತೆ ಕಾಯಲು 1981ರಲ್ಲಿ ಒಂದು ಕಾನೂನು ಬಂತು. ನೀರು ಕೆಡದಂತೆ ಕಾಯಲು 1974ರಲ್ಲೇ ಕಾನೂನು ಬಂದಿತ್ತು. ಇವುಗಳ ಪ್ರಕಾರ ಮಾಲಕರು ಮಂಡಳಿಯಿಂದ ಎರಡು ಸಲ ಒಪ್ಪಿಗೆ ಪಡೆಯಬೇಕು. ಪ್ಲಾಂಟ್ ಕಟ್ಟುವ ಮೊದಲು ಒಂದು ಸಲ, ಚಾಲೂ ಮಾಡುವ ಮೊದಲು ಇನ್ನೊಂದು ಸಲ. ಒಂದೇ ಕಾಗದ ತೋರಿಸಿದರೆ ಎರಡನೆಯದು ಎಲ್ಲಿ ಅಂತ ಕೇಳಬೇಕು.

ಕಾರ್ಖಾನೆಗಳು ಎಷ್ಟು ಹೊಲಸು ಮಾಡುತ್ತವೆ ಅಂತ ನೋಡಿ ಅವಕ್ಕೆ ಬಣ್ಣ ಗುರುತು ಮಾಡುತ್ತಾರೆ. ಹೆಚ್ಚು ಹೊಲಸಿನವು ಕೆಂಪು. ಅದರ ಕೆಳಗೆ ಕಿತ್ತಳೆ, ಆಮೇಲೆ ಹಸಿರು, ಬಿಳಿ. 2016ರ ಪಟ್ಟಿಯಲ್ಲಿ ಡಾಂಬರು ಪ್ಲಾಂಟ್ ಕಿತ್ತಳೆ ಗುಂಪಿನಲ್ಲಿ ಇತ್ತು. ಅಂದರೆ ಕಣ್ಣಿಟ್ಟು ನೋಡಬೇಕಾದ ಕಾರ್ಖಾನೆ ಅದು.

ಪರವಾನಗಿ ಅಂದರೆ ಬರೀ ಸಿಕ್ಕಾ ಹೊಡೆದ ಕಾಗದ ಅಲ್ಲ. ಅದರಲ್ಲಿ ಶರತ್ತುಗಳನ್ನು ಬರೆದಿರುತ್ತಾರೆ. ಹೊಗೆ ಹೇಗೆ ಬಿಡಬೇಕು, ಧೂಳು ಹೇಗೆ ಹಿಡಿಯಬೇಕು, ಎಷ್ಟು ಮಾಲು ಮಾಡಬೇಕು, ಯಾವ ತಾರೀಖಿನವರೆಗೆ ನಡೆಸಬಹುದು. ಇದೆಲ್ಲ ಮಾಲಕರು ಊರಿಗೆ ಕೊಟ್ಟ ಮಾತು. ನಾವೀಗ ಅಕ್ಷರ ಕಲಿತವರು. ಆ ಮಾತನ್ನು ನಾವೇ ಓದಬಹುದು.

ಹೊಗೆಯನ್ನೂ ಓದಬಹುದು

ಹೊಗೆ ಕೊಳವೆಯ ಕಡೆ ನೋಡಿರಿ. ಹೊಗೆಯ ಬಣ್ಣ ಒಳಗಿನ ಸುದ್ದಿ ಹೇಳುತ್ತದೆ.

ಬಿಳಿ ಹೊಗೆ ಬಂದು ತುಸು ದೂರದಲ್ಲೇ ಕರಗಿ ಹೋದರೆ, ಅದು ಹಸಿ ಕಲ್ಲಿನ ನೀರಿನ ಹಬೆ.

ಕಪ್ಪು ಹೊಗೆ ಬಂದರೆ ಉರುವಲು ಸರಿಯಾಗಿ ಉರಿಯುತ್ತಿಲ್ಲ. ಇಲ್ಲವೆ ಟೈರಿನಂಥ ಸುಡಬಾರದ್ದನ್ನು ಸುಡುತ್ತಿರಬಹುದು.

ನೀಲಿ ಹೊಗೆ, ಮೂಗು ಸುಡುವ ವಾಸನೆ ಬಂದರೆ ಡಾಂಬರು ಅತಿಯಾಗಿ ಕಾದಿದೆ. ಇದರಿಂದ ಕಣ್ಣು ಉರಿಯುತ್ತದೆ, ಗಂಟಲು ಕೆರೆಯುತ್ತದೆ. ಡಾಂಬರೂ ಕೆಡುತ್ತದೆ, ಅದರಿಂದ ಹಾಕಿದ ರಸ್ತೆ ಬಾಳುವುದಿಲ್ಲ.

ಕೊಳವೆಯಿಂದ ಬೂದು ಧೂಳು ಬಂದು ತೊಗರಿ ಎಲೆಯ ಮೇಲೆ, ಒಣ ಹಾಕಿದ ಬಟ್ಟೆಯ ಮೇಲೆ ಕೂಡುತ್ತಿದ್ದರೆ ಧೂಳು ಹಿಡಿಯುವ ಯಂತ್ರ ಕೆಲಸ ಮಾಡುತ್ತಿಲ್ಲ. ಧೂಳು ಮುಚ್ಚಿದ ಎಲೆಗೆ ಬಿಸಿಲು ಸಾಲದು, ಬೆಳೆ ಸೊರಗುತ್ತದೆ. ಕಣ್ಣಿಗೆ ಕಾಣದ ಸಣ್ಣ ಧೂಳು ಮಕ್ಕಳ, ಮುದುಕರ ಎದೆಯೊಳಗೆ ಇಳಿಯುತ್ತದೆ. ಕೆಮ್ಮು, ದಮ್ಮು ಹೆಚ್ಚಾಗುತ್ತದೆ.

ಜವಾಬ್ದಾರಿಯಿಂದ ನಡೆಸುವುದು ಹೇಗೆ?

ಒಳ್ಳೆಯ ಮಾಲಕ ಧೂಳು ಹಿಡಿಯುವ ಯಂತ್ರವನ್ನು ದಿನಾ ಚಾಲೂ ಇಡುತ್ತಾನೆ. ಸಾಹೇಬರು ಬಂದ ದಿನ ಮಾತ್ರ ಅಲ್ಲ. ಆ ಯಂತ್ರದಲ್ಲಿ ಬಟ್ಟೆಯ ಚೀಲಗಳಿದ್ದರೆ, ಹರಿದ ಚೀಲ ಕೂಡಲೇ ಬದಲಿಸುತ್ತಾನೆ. ನೀರಿನಿಂದ ಧೂಳು ತೊಳೆಯುವ ಯಂತ್ರ ಇದ್ದರೆ, ಆ ಕೆಸರು ನೀರನ್ನು ಗುಂಡಿಯಲ್ಲಿ ನಿಲ್ಲಿಸುತ್ತಾನೆ, ಹಳ್ಳಕ್ಕೆ ಬಿಡುವುದಿಲ್ಲ. ಲಾರಿ ಓಡಾಡುವ ದಾರಿಗೆ ನೀರು ಹೊಡೆಸುತ್ತಾನೆ. ಲಾರಿಯ ಮೇಲೆ ತಾಡಪತ್ರಿ ಮುಚ್ಚಿಸುತ್ತಾನೆ. ಪ್ಲಾಂಟಿನ ಸುತ್ತ ಗಿಡ ಹಚ್ಚಿಸುತ್ತಾನೆ.

ಇದಕ್ಕೆ ಖರ್ಚು ಬರುತ್ತದೆ, ನಿಜ. ಆ ಖರ್ಚು ಉಳಿಸಿದರೆ ಅದೇ ಖರ್ಚು ದವಾಖಾನೆ ಚೀಟಿಯಾಗಿ ನಮ್ಮ ಮನೆಗೆ ಬರುತ್ತದೆ. ಯಾರು ಲಾಭ ಮಾಡುತ್ತಾರೋ ಖರ್ಚೂ ಅವರದೇ ಆಗಬೇಕು.

ಕೂಲಿಗೆ ಹೋಗುವ ಹೆಣ್ಣುಮಕ್ಕಳಿಗೆ

ನಮ್ಮಲ್ಲಿ ಅನೇಕರು ರಸ್ತೆ ಕೆಲಸಕ್ಕೆ ಹೋಗುತ್ತೇವೆ. ಬುಟ್ಟಿ ಹೊರುತ್ತೇವೆ, ಕಡಿ ಹರಡುತ್ತೇವೆ. ಬೂಟು, ಕೈಗವಸು, ಮುಖಕ್ಕೆ ಮಾಸ್ಕ್ ಕೊಡುವುದು ಗುತ್ತೇದಾರರ ಕೆಲಸ. ಹರಕು ಚಪ್ಪಲಿಯಲ್ಲಿ ಬಿಸಿ ಡಾಂಬರಿನ ಹತ್ತಿರ ಹೋಗಬಾರದು. ಸೀರೆಯ ಸೆರಗನ್ನು ಬಿಗಿಯಾಗಿ ಕಟ್ಟಿಕೊಳ್ಳಬೇಕು. ಕೂಸುಗಳನ್ನು ಹೊಗೆಯಿಂದ ದೂರ, ನೆರಳಲ್ಲಿ ಇಡಬೇಕು. ಒಂದೇ ಕೆಲಸಕ್ಕೆ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ ಅಂತ ಕಾನೂನು ಇದೆ.

ಬಿಸಿ ಡಾಂಬರಿಗೆ ನೀರು ತಾಗಬಾರದು. ತಾಗಿದರೆ ನೀರು ಒಮ್ಮೆಲೇ ಹಬೆಯಾಗಿ ಡಾಂಬರು ಉಕ್ಕಿ ಸಿಡಿಯುತ್ತದೆ. ಡಾಂಬರಿಗೆ ಬೆಂಕಿ ಹತ್ತಿದರೂ ನೀರು ಸುರಿಯಬಾರದು. ಒಣ ಮರಳು ಹಾಕಬೇಕು.

ಮೈಗೆ ಡಾಂಬರು ಸಿಡಿದರೆ ಮಾತ್ರ ಸುಟ್ಟ ಜಾಗದ ಮೇಲೆ ತಣ್ಣೀರು ಬಿಡಬೇಕು. ಕಡಿಮೆ ಅಂದರೆ 20 ನಿಮಿಷ ಬಿಡಬೇಕು. ಅಂಟಿದ ಡಾಂಬರನ್ನು ಕೀಳಬಾರದು, ಚರ್ಮವೇ ಕಿತ್ತು ಬರುತ್ತದೆ. ಸೀಮೆಎಣ್ಣೆ, ಪೇಸ್ಟು ಹಚ್ಚಬಾರದು. 108ಕ್ಕೆ ಫೋನ್ ಮಾಡಿ ದವಾಖಾನೆಗೆ ಹೋಗಬೇಕು.

ವರ್ಷಕ್ಕೆ 90 ದಿನ ಇಂಥ ಕೆಲಸ ಮಾಡಿದ, 18ರಿಂದ 60 ವಯಸ್ಸಿನ ಒಳಗಿನವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ರಸ್ತೆ ಕೆಲಸದವರೂ ಇದರಲ್ಲಿ ಸೇರುತ್ತಾರೆ.

ಶರತ್ತು ಮುರಿದರೆ?

ಮೊದಲು ಬರೆದು ಇಡೋಣ. ಯಾವ ತಾರೀಖು, ಎಷ್ಟು ಹೊತ್ತಿಗೆ, ಯಾವ ಬಣ್ಣದ ಹೊಗೆ, ಎತ್ತ ಕಡೆಯ ಗಾಳಿ. "ದಿನಾ ಹೊಗಿ ಬರ್ತದ್ರಿ" ಅನ್ನುವ ಬಾಯಿಮಾತಿಗಿಂತ ಹತ್ತು ದಿನ ಬರೆದಿಟ್ಟ ಒಂದು ಹಾಳೆಗೆ ತೂಕ ಹೆಚ್ಚು.

ಆಮೇಲೆ ಗ್ರಾಮಸಭೆಯಲ್ಲಿ ಕೇಳೋಣ. ಪಂಚಾಯಿತಿಯಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಮೀಸಲು. ನಮ್ಮ ಸದಸ್ಯೆಯನ್ನೂ ಕರೆದುಕೊಂಡು ಕೂಡೋಣ.

ಕಮಲಾಪುರ ಈಗ ತಾಲೂಕು. ತಹಶೀಲ್ದಾರರ ಕಚೇರಿ ಅಲ್ಲೇ ಇದೆ. ಜಿಲ್ಲಾಧಿಕಾರಿಗಳ ಕಚೇರಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿ ಕಲಬುರಗಿ ನಗರದಲ್ಲಿವೆ. ಅರ್ಜಿ ಕೊಟ್ಟಾಗ ಒಂದು ಪ್ರತಿಯ ಮೇಲೆ ಸಹಿ, ಸಿಕ್ಕಾ ಹಾಕಿಸಿಕೊಂಡು ಬರಬೇಕು.

ಪರವಾನಗಿ ಕಾಗದ ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾನೂನು ಇದೆ. 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ ಪಂಚಾಯಿತಿಯಾಗಲಿ, ಮಂಡಳಿಯಾಗಲಿ 30 ದಿನದೊಳಗೆ ಉತ್ತರ ಕೊಡಬೇಕು. ಬಡತನ ರೇಖೆಯ ಕೆಳಗಿನವರಿಗೆ ಆ ಫೀಯೂ ಇಲ್ಲ.

ನಾವು ಪ್ಲಾಂಟಿನ ವೈರಿಗಳಲ್ಲ. ನಮಗೆ ರಸ್ತೆಯೂ ಬೇಕು, ಉಸಿರೂ ಬೇಕು. ಶರತ್ತಿನಂತೆ ನಡೆದರೆ ಎರಡೂ ಸಿಗುತ್ತವೆ. ಹೊಗೆ ತಡ್ಕೋಬೇಕು ಅನ್ನುವ ಮಾತು ಯಾವ ಕಾನೂನಿನಲ್ಲೂ ಇಲ್ಲ.

ಕೂಡಿ ಮಾತಾಡೋಣ

1. ನಿಮ್ಮ ಊರ ಹತ್ತಿರ ಡಾಂಬರು ಪ್ಲಾಂಟ್, ಕಲ್ಲು ಒಡೆಯುವ ಮಶೀನು ಇವೆಯೇ? ಅವುಗಳ ಪರವಾನಗಿ ಯಾವ ತಾರೀಖಿನವರೆಗೆ ಇದೆ?

2. ಇವತ್ತು ಹೊಗೆ ಯಾವ ಬಣ್ಣದ್ದಿತ್ತು? ತಾರೀಖು ಹಾಕಿ ನಿಮ್ಮ ಪಾಟಿಯ ಮೇಲೆ ಬರೆಯಿರಿ.

3. ಮುಂದಿನ ಗ್ರಾಮಸಭೆ ಯಾವಾಗ? ನಿಮ್ಮ ಓಣಿಯಿಂದ ಯಾರು ಯಾರು ಹೋಗುತ್ತೀರಿ?