ಇಸ್ಪೀಟಿನ ಎಲೆಯಲ್ಲೂ ಒಂದು ನ್ಯಾಯವಿದೆ

ಇಸ್ಪೀಟು ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವುದು ಜೂಜಿನ ಅಡ್ಡೆ, ಪೊಲೀಸರ ದಾಳಿ, ವಶಪಡಿಸಿಕೊಂಡ ನಗದು. ಅಲ್ಲಿ ಎಲೆಗಳಿಗೆ ಪಂಚನಾಮೆಯ ವಸ್ತುವಿನ ಸ್ಥಾನವಷ್ಟೇ. ಆದರೆ ರಮ್ಮಿ ಪ್ರಧಾನವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಆ ಕೌಶಲಕ್ಕೆ ಅರ್ಥ ಬರಬೇಕಾದರೆ ಎಲೆಗಳು ಪಕ್ಷಪಾತವಿಲ್ಲದೆ ಬೆರೆಯಬೇಕು. ಹಾಗೆ ಬೆರೆಯಲು ಎಲೆಯ ತಯಾರಿಕೆಯೇ ಚೆನ್ನಾಗಿರಬೇಕು. ಕೈಚಳಕದ ಜಾದೂಗಾರರು ಬಹುಕಾಲದಿಂದ ಬಲ್ಲ ಈ ಸಂಗತಿಯನ್ನು ನಮ್ಮ ಕ್ಲಬ್ಬುಗಳು ಗಂಭೀರವಾಗಿ ಪರಿಗಣಿಸಿದಂತೆ ನನಗೆ ಕಾಣುವುದಿಲ್ಲ.

ಒಳ್ಳೆಯ ಎಲೆಯೆಂದರೆ ಹೊಳೆಯುವ ಎಲೆ ಎಂಬ ಭಾವನೆ ವ್ಯಾಪಕವಾಗಿದೆ. ವಾಸ್ತವದಲ್ಲಿ ತೀರ ನುಣುಪಾದ ಎರಡು ಮೈಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಮೆರಿಕದಲ್ಲಿ 1885ರಲ್ಲಿ ಆರಂಭವಾದ ‘ಬೈಸಿಕಲ್’ ಇಸ್ಪೀಟಿನ ಎಲೆಯೊಂದನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ನೇಯ್ದ ಬಟ್ಟೆಯನ್ನು ಹೋಲುವ ಸೂಕ್ಷ್ಮ ಕುಳಿಗಳು ಕಾಣುತ್ತವೆ. ಆ ಕುಳಿಗಳಲ್ಲಿ ನಿಲ್ಲುವ ಗಾಳಿಯೇ ಎಲೆಗಳ ನಡುವಣ ಮೆತ್ತೆ. ಕಟ್ಟು ಬೀಸಣಿಗೆಯಂತೆ ಸಮನಾಗಿ ಬಿಚ್ಚಿಕೊಳ್ಳುವುದು ಅದರಿಂದ.

ಎಲೆ ಒಂದೇ ಹಾಳೆಯೂ ಅಲ್ಲ. ಉತ್ತಮ ಎಲೆಯಲ್ಲಿ ಎರಡು ಹಾಳೆಗಳನ್ನು ಬೆಳಕು ತಡೆಯುವ ಗಾಢವರ್ಣದ ಅಂಟಿನಿಂದ ಜೋಡಿಸಿರುತ್ತಾರೆ. ಎದುರಾಳಿಯ ಕೈಯ ಎಕ್ಕವೋ ಗುಲಾಮನೋ ದೀಪದ ಬೆಳಕಿನಲ್ಲಿ ಹಿಂಬದಿಯಿಂದ ತೋರಬಾರದಲ್ಲ! ಬಾಗಿಸಿ ಬಿಟ್ಟರೆ ಮತ್ತೆ ನೇರವಾಗುವ ಪುಟಿತವೂ ಈ ಜೋಡಣೆಯಲ್ಲಿ ಅಡಗಿದೆ. ಇನ್ನು ಅಂಚು. ಯಂತ್ರದ ಅಲಗು ಯಾವ ಬದಿಯಿಂದ ಕತ್ತರಿಸಿತೆಂಬುದಕ್ಕೆ ತಕ್ಕಂತೆ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಇಳಿಜಾರು ಉಳಿಯುತ್ತದೆ. ತಲಾ 26 ಎಲೆಗಳ ಎರಡು ಭಾಗಗಳನ್ನು ಒಂದರ ನಡುವೆ ಒಂದರಂತೆ ಹೆಣೆಯುವ ಫೇರೊ ಕಲಸುವಿಕೆ ಯಾವ ದಿಕ್ಕಿನಿಂದ ಸುಲಭವೆಂಬುದನ್ನು ಈ ಇಳಿಜಾರೇ ನಿರ್ಧರಿಸುತ್ತದೆ. ಮೇಲಿನ ಎಲೆ ಮೇಲೆಯೇ ಉಳಿಯುವಂತೆ ಎಂಟು ಬಾರಿ ತಪ್ಪಿಲ್ಲದೆ ಹೆಣೆದರೆ ಕಟ್ಟು ಮೊದಲಿನ ಕ್ರಮಕ್ಕೇ ಮರಳುತ್ತದೆ. ಕೌಶಲ ಹೆಚ್ಚಿದಷ್ಟೂ ಬೆರಕೆ ಕಡಿಮೆ ಎಂಬ ವಿಚಿತ್ರ!

ಸಾಮಾನ್ಯ ಆಟಗಾರನ ಕೈಯ ಒರಟುತನವೇ ಇಲ್ಲಿ ಉಪಕಾರಿ. ಕಟ್ಟನ್ನು ಎರಡಾಗಿಸಿ ಹೆಬ್ಬೆರಳಿನಿಂದ ಸರಸರನೆ ಬಿಡುತ್ತಾ ಸುಮಾರು ಏಳು ಬಾರಿ ಕಲಸಿದರೆ 52 ಎಲೆಗಳು ಸಾಕಷ್ಟು ಬೆರೆಯುತ್ತವೆಂದು ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ 1992ರಲ್ಲಿ ತೋರಿಸಿದರು. ಡಯಾಕೊನಿಸ್ 14ನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಜಾದೂಗಾರ ಡೈ ವರ್ನನ್ ಅವರೊಂದಿಗೆ ಹೊರಟವರು. ಗಣಿತಕ್ಕೆ ಬಂದದ್ದು ಆಮೇಲೆ. ಆದರೆ ಮಳೆಗಾಲದ ತೇವಕ್ಕೆ ಉಬ್ಬಿ, ಬೆವರಿಗೆ ಜಿಗುಟಾದ ಎಲೆಗಳು ಮೂರು ನಾಲ್ಕು ಒಟ್ಟೊಟ್ಟಿಗೆ ಬೀಳುತ್ತವೆ. ಹಿಂದಿನ ಆಟದಲ್ಲಿ ಜೋಡಿಸಿಟ್ಟ ವರಸೆಗಳು ಮುಂದಿನ ಆಟಕ್ಕೂ ಹಾಗೆಯೇ ಸಾಗುತ್ತವೆ. ಅಲ್ಲಿ ಏಳರ ಲೆಕ್ಕ ಸಲ್ಲದು. ನೆನಪಿನ ಶಕ್ತಿಯುಳ್ಳ ಆಟಗಾರನಿಗೆ ಅನ್ಯಾಯದ ಲಾಭವೂ ಆದೀತು.

ಒರೆಸಿ ಬಳಸಬಹುದಾದ ಪ್ಲಾಸ್ಟಿಕ್ ಎಲೆಗಳು ತೇವಕ್ಕೆ ಹೆದರವು, ನಿಜ. ಕರಾವಳಿಯ ಕ್ಲಬ್ಬುಗಳಿಗೆ ಅವೇ ಸರಿ. ಕೈಚಳಕಕ್ಕೆ ಮಾತ್ರ ಕಾಗದವೇ ಮೇಲೆಂದು ನನ್ನ ಅಭಿಪ್ರಾಯ. ಹೊಸ ಪ್ಲಾಸ್ಟಿಕ್ ಎಲೆ ಬೆರಳಿನ ಹಿಡಿತಕ್ಕೆ ಸಿಗದೆ ಜಾರುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನ ಗಂಜೀಫಾ ಎಲೆಗಳ ಚಿತ್ರಕಲೆಗೆ ಸಾಟಿಯಿಲ್ಲ. ಆದರೆ ಬಣ್ಣ ಬಳಿದ ಆ ದುಂಡನೆಯ ಎಲೆಗಳನ್ನು ಹೀಗೆ ಬಾಗಿಸಿ ಬಿಡಲು ಯಾರಿಗೆ ಮನಸ್ಸು ಬಂದೀತು?

ಆಡುವ ಕಟ್ಟಿನ ಪರೀಕ್ಷೆಗೆ ಹೆಚ್ಚು ಹೊತ್ತು ಬೇಡ. ಮೇಜಿನ ಮೇಲೆ ಉದ್ದಕ್ಕೆ ಹರವಿ ನೋಡಬೇಕು. ಎಲೆಗಳ ನಡುವಿನ ಅಂತರ ಒಂದೇ ಸಮನಿದ್ದರೆ ಆಟ ಮುಂದುವರಿಯಲಿ; ಅಲ್ಲಲ್ಲಿ ಗುಂಪುಗೂಡಿದರೆ ಹೊಸ ಕಟ್ಟನ್ನು ತರಿಸಬೇಕು.